ಸ್ಟೆಮ್ ಸೆಲ್‌ನಿಂದ ರಕ್ತಕಣ ಬೆಳೆಸುವುದು ಹೇಗೆ? ಮೊದಲ ವಾರದಿಂದ ಕೊನೆಯ ಪರೀಕ್ಷೆವರೆಗೆ

ಪ್ಲೇಟಿನ ತಳಕ್ಕೆ ಅಂಟಿಕೊಂಡಿದ್ದ ಚಪ್ಪಟೆ ಕೋಶವೊಂದು ನಿಧಾನವಾಗಿ ದುಂಡಗಾಗುತ್ತದೆ, ಅಂಟು ಬಿಡಿಸಿಕೊಳ್ಳುತ್ತದೆ, ಮೀಡಿಯಾದಲ್ಲಿ, ಅಂದರೆ ಕೋಶಗಳ ಪೋಷಕ ದ್ರವದಲ್ಲಿ, ತೇಲಿಕೊಂಡು ಹೋಗುತ್ತದೆ. ಇದನ್ನು ಮೈಕ್ರೋಸ್ಕೋಪಿನಲ್ಲಿ ಒಮ್ಮೆ ನೋಡಿದವರು ಮರೆಯುವುದಿಲ್ಲ. ರಕ್ತನಾಳದ ಗೋಡೆಯಾಗಬೇಕಿದ್ದ ಕೋಶ ಕಣ್ಣೆದುರೇ ರಕ್ತಕಣ ಆಗಿಬಿಟ್ಟಿರುತ್ತದೆ. ಆ ಹಂತಕ್ಕೆ ಬರುವುದು ಹೇಗೆ ಎಂಬುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕೋಶ ಕೃಷಿ ಸ್ವಲ್ಪ ಮಾಡಿ ಗೊತ್ತಿರುವ, ಆದರೆ ರಕ್ತದ ಕಡೆಗೆ ಮೊದಲ ಬಾರಿ ಕೈಹಾಕುತ್ತಿರುವ ಸಂಶೋಧಕರಿಗೆ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸ ಕೆಟ್ಟಾಗ ಎಲ್ಲರೂ ದುಬಾರಿ ಸೈಟೋಕೈನ್‌ಗಳನ್ನು (ಕೋಶಗಳಿಗೆ ಸೂಚನೆ ಕೊಡುವ ಪ್ರೋಟೀನ್‌ಗಳನ್ನು) ಬೈಯುತ್ತಾರೆ. ನಾನೂ ಬೈದಿದ್ದೇನೆ. ಆದರೆ ಬಹಳ ಸಲ ತಪ್ಪು ಆಗಿರುವುದು ಪ್ರಯೋಗ ಶುರುವಾಗುವ ಮುಂಚಿನ ವಾರದಲ್ಲಿ. ಅದಕ್ಕೇ ಆ ವಾರದ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಯಾವ ಕೋಶ, ಯಾಕೆ ಈ ದಾರಿ

ದೇಹದ ಯಾವ ಕೋಶವಾಗಿ ಬೇಕಾದರೂ ಮಾರ್ಪಡಬಲ್ಲ ಸ್ಟೆಮ್ ಸೆಲ್‌ಗಳಿಗೆ ಪ್ಲೂರಿಪೊಟೆಂಟ್ ಸ್ಟೆಮ್ ಸೆಲ್ ಎನ್ನುತ್ತಾರೆ. ಇವು ಎರಡು ಬಗೆ. ಭ್ರೂಣದಿಂದ ಪಡೆದವು ಇಎಸ್ ಕೋಶಗಳು. ಮಾನವ ಇಎಸ್ ಕೋಶಗಳನ್ನು ಜೇಮ್ಸ್ ಥಾಮ್ಸನ್ ಅವರ ತಂಡ 1998ರಲ್ಲಿ ಮೊದಲು ಬೆಳೆಸಿತು. ಇನ್ನೊಂದು ಬಗೆ ಐಪಿಎಸ್ ಕೋಶ. ಚರ್ಮ ಅಥವಾ ರಕ್ತದ ಮಾಮೂಲಿ ಕೋಶವನ್ನು ಹಿಂದಕ್ಕೆ ಎಳೆದು ಮತ್ತೆ ಸ್ಟೆಮ್ ಸೆಲ್ ಮಾಡಿದ್ದು. ಶಿನ್ಯಾ ಯಮನಾಕ ಇದನ್ನು 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯರ ಕೋಶದಲ್ಲಿ ಮಾಡಿ ತೋರಿಸಿದರು. 2012ರಲ್ಲಿ ಜಾನ್ ಗರ್ಡನ್ ಅವರ ಜತೆ ನೊಬೆಲ್ ಹಂಚಿಕೊಂಡರು. ರೋಗಿಯದೇ ಕೋಶದಿಂದ ಐಪಿಎಸ್ ಮಾಡಿ, ಅದರಿಂದ ರಕ್ತಕಣ ಬೆಳೆಸಿದರೆ, ಆ ವ್ಯಕ್ತಿಯ ರಕ್ತದ ಕಾಯಿಲೆಯನ್ನು ಪ್ಲೇಟಿನಲ್ಲೇ ನೋಡಬಹುದು. ಮತ್ತೆ ಮತ್ತೆ ಮೂಳೆಮಜ್ಜೆ ತೆಗೆಸಿಕೊಳ್ಳಿ ಎಂದು ಅವರನ್ನು ಕೇಳಬೇಕಿಲ್ಲ. ಸಂಶೋಧನೆಗೆ ಇದರ ದೊಡ್ಡ ಉಪಯೋಗ ಅದೇ.

ಸ್ಟೆಮ್ ಸೆಲ್‌ಗೆ ಸುಮ್ನೆ ‘ರಕ್ತ ಆಗು’ ಎಂದು ಹೇಳುವ ಔಷಧ ಯಾವುದೂ ಇಲ್ಲ. ಗರ್ಭದಲ್ಲಿ ರಕ್ತ ಹುಟ್ಟುವ ಕ್ರಮವನ್ನೇ ಪ್ಲೇಟಿನಲ್ಲಿ ನಡೆಸಬೇಕು. ಮೊದಲು ಮೀಸೋಡರ್ಮ್ ಎಂಬ ನಡುಪದರ. ಅದರಿಂದ ರಕ್ತನಾಳದ ಒಳಪದರ. ಆ ಒಳಪದರದಲ್ಲೇ ಕೆಲವು ವಿಶೇಷ ಕೋಶಗಳಿರುತ್ತವೆ, ಹೀಮೋಜೆನಿಕ್ ಎಂಡೋಥೀಲಿಯಂ ಎಂದು ಅವುಗಳ ಹೆಸರು. ರಕ್ತ ಹುಟ್ಟುವುದು ಅವುಗಳಿಂದ.

ಇಲ್ಲೊಂದು ಕವಲಿದೆ. ಭ್ರೂಣದಲ್ಲಿ ರಕ್ತ ಒಂದೇ ಸಲ ಹುಟ್ಟುವುದಿಲ್ಲ. ಮೂರನೇ ವಾರದ ಹೊತ್ತಿಗೆ ಹಳದಿ ಚೀಲದಲ್ಲಿ ಮೊದಲ ಅಲೆ ಬರುತ್ತದೆ. ಅದು ಆ ಹೊತ್ತಿನ ತುರ್ತಿಗೆ ಹುಟ್ಟಿದ ರಕ್ತ. ಜೀವನಪೂರ್ತಿ ರಕ್ತ ಕೊಡುವ ಕೋಶಗಳು ಆಮೇಲೆ, ನಾಲ್ಕು–ಐದನೇ ವಾರದಲ್ಲಿ, ಭ್ರೂಣದ ಮಹಾಪಧಮನಿಯ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತವೆ. ಮೊದಲನೆಯದಕ್ಕೆ ಪ್ರಿಮಿಟಿವ್, ಎರಡನೆಯದಕ್ಕೆ ಡೆಫಿನಿಟಿವ್ ಎನ್ನುತ್ತಾರೆ. ನಿಮ್ಮ ಪ್ಲೇಟಿನಲ್ಲಿ ಯಾವುದು ಬೆಳೆಯುತ್ತದೆ ಎಂಬುದು 2ನೇ ದಿನವೇ ತೀರ್ಮಾನವಾಗುತ್ತದೆ. ಹೇಗೆ ಎಂದು ಮುಂದೆ ಬರುತ್ತದೆ.

ಶುರು ಮಾಡುವ ಮುಂಚೆ

ನೈತಿಕ ಸಮಿತಿಯ ಅನುಮತಿ, ದಾನಿಯ ಒಪ್ಪಿಗೆ ಪತ್ರ ಮೊದಲು ಕೈಯಲ್ಲಿರಲಿ. ಮಾನವ ಕೋಶ ಅಂದಮೇಲೆ ಕೆಲಸವೆಲ್ಲ ಜೈವಿಕ ಸುರಕ್ಷತಾ ಹುಡ್ ಒಳಗೇ ನಡೆಯಬೇಕು.

ಆಮೇಲೆ ಎರಡು ಪರೀಕ್ಷೆ. ಒಂದು ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾದ್ದು. ಈ ಸೋಂಕು ಬಂದರೆ ಮೀಡಿಯಾ ಕಲಕಾಗುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಪ್ರಯೋಗ ಮಾತ್ರ ಸದ್ದಿಲ್ಲದೆ ಹಾಳಾಗುತ್ತದೆ. ಇನ್ನೊಂದು ಕ್ರೋಮೋಸೋಮ್ ಪರೀಕ್ಷೆ. ಈ ಕೋಶಗಳನ್ನು ತುಂಬ ದಿನ ಬೆಳೆಸಿದರೆ 1, 12, 17, 20ನೇ ಕ್ರೋಮೋಸೋಮ್‌ಗಳ ತುಂಡು ಹೆಚ್ಚುವರಿಯಾಗಿ ಸೇರಿಕೊಳ್ಳುವುದು ಮಾಮೂಲು. ಅಂಥ ಕೋಶ ಬೇಗ ಬೆಳೆಯುತ್ತದೆ, ಸಾಯುವುದು ಕಡಿಮೆ. ‘ಅಬ್ಬಾ, ಎಷ್ಟು ಚೆನ್ನಾಗಿ ಬೆಳೀತಿದೆ’ ಎಂದು ಖುಷಿಪಡುತ್ತೀರಿ. ಇದ್ದಕ್ಕಿದ್ದಂತೆ ಕೋಶ ಜೋರಾಗಿ ಬೆಳೆಯತೊಡಗಿದರೆ ನಾನು ಅನುಮಾನ ಪಡುತ್ತೇನೆ. 20ನೇ ಕ್ರೋಮೋಸೋಮಿನ ಸಣ್ಣ ಬದಲಾವಣೆ ಮಾಮೂಲಿ ಕ್ಯಾರಿಯೋಟೈಪ್‌ನಲ್ಲಿ (ಕ್ರೋಮೋಸೋಮ್‌ಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆಯಲ್ಲಿ) ತಪ್ಪಿಸಿಕೊಳ್ಳಬಹುದು. ಹಾಗಾಗಿ ಅದಕ್ಕೆ ಪಿಸಿಆರ್ ಮಾಡಿಸಿ.

ಪರೀಕ್ಷೆ ಪಾಸಾದ ಕೋಶಗಳನ್ನು ಒಂದೇ ದಿನ 20–30 ವೈಯಲ್ ಫ್ರೀಜ್ ಮಾಡಿಡಿ. ಪ್ರತಿ ಪ್ರಯೋಗಕ್ಕೂ ಅದರಿಂದಲೇ ತೆಗೆಯಿರಿ. ಕರಗಿಸಿದ ಮೇಲೆ 10 ಪಾಸೇಜ್ (ತುಂಬಿದ ಪ್ಲೇಟಿನ ಕೋಶಗಳನ್ನು ಹೊಸ ಪ್ಲೇಟಿಗೆ ಹಂಚುವುದು) ದಾಟಿದರೆ ಹೊಸ ವೈಯಲ್ ತೆಗೆಯುವುದು ನನ್ನ ನಿಯಮ.

ಹಿಂದಿನ ವಾರ: ಎಲ್ಲ ನಿರ್ಧಾರ ಆಗುವುದು ಇಲ್ಲಿ

ಕೋಶ ಅಂಟಿಕೊಳ್ಳಲು ಪ್ಲೇಟಿಗೆ ಮ್ಯಾಟ್ರಿಜೆಲ್ ಅಥವಾ ವಿಟ್ರೋನೆಕ್ಟಿನ್ ಎಂಬ ಪ್ರೋಟೀನ್ ಲೇಪ ಹಾಕಿ. ಮ್ಯಾಟ್ರಿಜೆಲ್ ಆದರೆ ರಾತ್ರಿಯಿಡೀ 4 ಡಿಗ್ರಿಯಲ್ಲಿ ಕರಗಿಸಿ, ಐಸ್ ಮೇಲೇ ಇಟ್ಟುಕೊಂಡು, ತಣ್ಣಗಿನ ಪಿಪೆಟ್‌ನಲ್ಲಿ ಕೆಲಸ ಮಾಡಿ. ಬೆಚ್ಚಗಾದರೆ ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಮೀಡಿಯಾ ಎಂಟೀಸರ್ ಅಥವಾ ಇ8, ಯಾವುದಾದರೂ ಸರಿ. ಆದರೆ ಪ್ರಯೋಗದ ನಡುವೆ ಒಂದರಿಂದ ಇನ್ನೊಂದಕ್ಕೆ ಹಾರಬೇಡಿ. ಮೀಡಿಯಾ ಬದಲಿಸಿದರೆ ಕೋಶಗಳಿಗೆ ಹೊಂದಿಕೊಳ್ಳಲು ಕನಿಷ್ಠ 2–3 ಪಾಸೇಜ್ ಬೇಕು.

ಪಾಸೇಜ್ ಮಾಡಲು, ಕೋಶಗಳ ಅಂಟು ಸಡಿಲಿಸುವ ಇಡಿಟಿಎ 0.5 ಮಿಲಿಮೋಲಾರ್ ಸಾಕು. ಕೋಣೆಯ ಉಷ್ಣತೆಯಲ್ಲಿ 3–5 ನಿಮಿಷ ಬಿಡಿ. ಕಾಲೊನಿಯ ಒಳಗೆ ಕೋಶಗಳ ನಡುವೆ ಬಿರುಕು ಕಾಣುತ್ತದೆ. ಆಗ ಇಡಿಟಿಎ ಹೀರಿ ತೆಗೆದು, ಮೀಡಿಯಾ ಹಾಕಿ, ಎರಡೇ ಎರಡು ಸಲ ಮೆಲ್ಲಗೆ ಪಿಪೆಟ್ ಆಡಿಸಿ. ಸಣ್ಣ ಗುಂಪುಗಳಾಗಿ ಏಳಬೇಕು, ಪುಡಿ ಆಗಬಾರದು.

ಒಳ್ಳೆಯ ಕಾಲೊನಿ ನೋಡಿದರೆ ಗೊತ್ತಾಗುತ್ತದೆ. ಅಂಚು ನುಣ್ಣಗೆ, ಕೋಶಗಳು ಒತ್ತೊತ್ತಾಗಿ, ಪ್ರತಿ ಕೋಶದಲ್ಲೂ ದೊಡ್ಡ ನ್ಯೂಕ್ಲಿಯಸ್, ಒಳಗೆ ಎದ್ದು ಕಾಣುವ ನ್ಯೂಕ್ಲಿಯೋಲಸ್. ಅಂಚಿನಲ್ಲಿ ಉದ್ದುದ್ದ ಬಾಲದ ಕೋಶ, ನಡುವೆ ಕಂದು ಬಣ್ಣದ ಗುಡ್ಡೆ ಕಂಡರೆ ಅವು ಆಗಲೇ ದಾರಿ ತಪ್ಪಿವೆ ಎಂದು ಅರ್ಥ. ಪ್ಲೇಟಿನ ಶೇ 5ಕ್ಕಿಂತ ಹೆಚ್ಚು ಜಾಗದಲ್ಲಿ ಹೀಗೆ ಕಂಡರೆ ಆ ವಾರ ಪ್ರಯೋಗ ಬೇಡ. ಮೇಲಧಿಕಾರಿ ಎಷ್ಟೇ ಅವಸರ ಮಾಡಲಿ, ಬೇಡ.

ಶುರು ಮಾಡುವ ದಿನ ಪ್ಲೇಟ್ ಶೇ 60–70 ತುಂಬಿರಬೇಕು. ಶೇ 90 ಆಗುವವರೆಗೆ ಕಾಯಬೇಡಿ. ಕಿಕ್ಕಿರಿದ ಕೋಶ ಬೇರೆಯದೇ ಸ್ಥಿತಿಯಲ್ಲಿ ಇರುತ್ತದೆ, ಮೀಸೋಡರ್ಮ್‌ನ ಸೂಚನೆಗೆ ಅರೆಮನಸ್ಸಿನಿಂದ ಓಗೊಡುತ್ತದೆ. ನನ್ನ ಮೊದಲ ಮೂರು ಪ್ರಯೋಗಗಳು ಸತ್ತಿದ್ದು ಇದೊಂದೇ ಕಾರಣಕ್ಕೆ. ಶುಕ್ರವಾರ ಪ್ಲೇಟ್ ಸರಿಯಾಗಿಯೇ ಇತ್ತು. ವಾರಾಂತ್ಯ ಬಿಟ್ಟು ಸೋಮವಾರ ಶುರು ಮಾಡಿದ್ದೆ.

ದಿನ 0: ಉಂಡೆ ಕಟ್ಟುವುದು

ಕೋಶಗಳನ್ನು ಪುಟ್ಟ ಉಂಡೆಗಳಾಗಿ ಬೆಳೆಸುವ ವಿಧಾನ ಇದು. ಆ ಉಂಡೆಗೆ ಎಂಬ್ರಿಯಾಯ್ಡ್ ಬಾಡಿ, ಚಿಕ್ಕದಾಗಿ ಇಬಿ ಎನ್ನುತ್ತಾರೆ. ಚಪ್ಪಟೆ ಪ್ಲೇಟಿನಲ್ಲೂ ಮಾಡಬಹುದು. ಒಪಿ9 ಎಂಬ ಇಲಿಯ ಪೋಷಕ ಕೋಶಗಳ ಮೇಲೂ ಬೆಳೆಸಬಹುದು, ಆದರೆ ಇಲಿ ಕೋಶ ಬೆರೆತರೆ ಆಮೇಲಿನ ಲೆಕ್ಕಾಚಾರ ತಲೆನೋವು. ಉಂಡೆಗಳ ಗಾತ್ರ ಒಂದೇ ಸಮ ಇಟ್ಟುಕೊಳ್ಳಬಹುದು ಎಂಬ ಕಾರಣಕ್ಕೆ ನನಗೆ ಇಬಿ ಇಷ್ಟ.

ಸೀರಂ ಇಲ್ಲದ ಮೂಲ ಮೀಡಿಯಾ ತೆಗೆದುಕೊಳ್ಳಿ. ಅದಕ್ಕೆ 2 ಮಿಲಿಮೋಲಾರ್ ಗ್ಲುಟಮಿನ್, ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಆಸ್ಕಾರ್ಬಿಕ್ ಆಮ್ಲ, 150 ಮೈಕ್ರೋಗ್ರಾಂ ಟ್ರಾನ್ಸ್‌ಫೆರಿನ್, 0.4 ಮಿಲಿಮೋಲಾರ್ ಮೋನೊಥಯೋಗ್ಲಿಸರಾಲ್ ಸೇರಿಸಿ. ಆಸ್ಕಾರ್ಬಿಕ್ ಆಮ್ಲ ಬೇಗ ಕೆಡುತ್ತದೆ, ಹಳೆಯದನ್ನು ಬಳಸಬೇಡಿ.

ಕೋಶಗಳನ್ನು ಅಕ್ಯುಟೇಸ್ ಎಂಬ ಕಿಣ್ವ ಹಾಕಿ ಬಿಡಿಬಿಡಿಯಾಗಿ ಎಬ್ಬಿಸಿ, ಎಣಿಸಿ. ಬದುಕಿರುವ ಕೋಶ ಶೇ 90ಕ್ಕಿಂತ ಕಡಿಮೆ ಇದ್ದರೆ ಅಲ್ಲೇ ನಿಲ್ಲಿಸಿ. 96 ವೆಲ್‌ಗಳ (ಪುಟ್ಟ ಗುಂಡಿಗಳ), ದುಂಡು ತಳದ, ಕೋಶ ಅಂಟದ ಪ್ಲೇಟ್ ಬೇಕು. ಪ್ರತಿ ವೆಲ್‌ಗೆ 3,000ದಿಂದ 5,000 ಕೋಶ, 100 ಮೈಕ್ರೋಲೀಟರ್ ಮೀಡಿಯಾದಲ್ಲಿ. ಮೀಡಿಯಾದಲ್ಲಿ ಮಿಲಿಲೀಟರಿಗೆ 10 ನ್ಯಾನೊಗ್ರಾಂ ಬಿಎಂಪಿ4 (ಮೀಸೋಡರ್ಮ್ ಆಗು ಎಂದು ಸೂಚಿಸುವ ಪ್ರೋಟೀನ್), ಜತೆಗೆ 10 ಮೈಕ್ರೋಮೋಲಾರ್ ವೈ-27632 ಇರಲಿ. ಈ ವೈ-27632 ರಾಕ್ ಎಂಬ ಕಿಣ್ವವನ್ನು ತಡೆಯುತ್ತದೆ. ಒಂಟಿಯಾದ ಸ್ಟೆಮ್ ಸೆಲ್ ಸಾಯುವುದು ಆ ಕಿಣ್ವದ ಎಳೆತದಿಂದ. ಇದನ್ನು ಮರೆತರೆ ಮರುದಿನ ವೆಲ್ ತುಂಬ ಬರೀ ಸತ್ತ ಕೋಶಗಳ ಪುಡಿ.

ಪ್ಲೇಟನ್ನು 100 ಜಿ ವೇಗದಲ್ಲಿ 3 ನಿಮಿಷ ತಿರುಗಿಸಿ. 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್, ಶೇ 5 ಆಮ್ಲಜನಕ ಇರುವ ಇನ್‌ಕ್ಯುಬೇಟರ್‌ಗೆ ಇಡಿ. ಭ್ರೂಣಕ್ಕೆ ಸಿಗುವ ಆಮ್ಲಜನಕವೂ ಹೊರಗಿನ ಗಾಳಿಗಿಂತ ಬಹಳ ಕಡಿಮೆಯೇ ಅಲ್ವಾ? 8ನೇ ದಿನದವರೆಗೂ ಇದೇ ಇರಲಿ. ಅಂಚಿನ ವೆಲ್‌ಗಳಲ್ಲಿ ನೀರು ಆರುತ್ತದೆ, ಅಲ್ಲಿ ಕೋಶದ ಬದಲು ಬಫರ್ ತುಂಬಿ.

ದಿನ 1ರಿಂದ 3: ಗಡಿಯಾರ ನೋಡಿ ಮಾಡುವ ಕೆಲಸ

24 ಗಂಟೆ ಆದಾಗ ಪ್ರತಿ ವೆಲ್‌ನಲ್ಲಿ ಒಂದೇ ಒಂದು ದುಂಡನೆ ಉಂಡೆ ಇರಬೇಕು. ಹಳೆಯದನ್ನು ತೆಗೆಯದೆ 50 ಮೈಕ್ರೋಲೀಟರ್ ಹೊಸ ಮೀಡಿಯಾ ಸೇರಿಸಿ. ಅದರಲ್ಲಿ ಬಿಎಂಪಿ4 10 ನ್ಯಾನೊಗ್ರಾಂ, ಎಫ್‌ಜಿಎಫ್2 ಎಂಬ ಬೆಳವಣಿಗೆಯ ಪ್ರೋಟೀನ್ 15 ನ್ಯಾನೊಗ್ರಾಂ ಇರಲಿ (ಇಲ್ಲಿಂದ ಮುಂದೆ ನ್ಯಾನೊಗ್ರಾಂ, ಯೂನಿಟ್ ಲೆಕ್ಕವೆಲ್ಲ ಒಂದು ಮಿಲಿಲೀಟರಿಗೆ). ವೆಲ್‌ನಲ್ಲಿ ಬೆರೆತಾಗ ಎಫ್‌ಜಿಎಫ್2 5 ನ್ಯಾನೊಗ್ರಾಂಗೆ ಬಂದು ನಿಲ್ಲುತ್ತದೆ.

ಆಗಲೇ ಹೇಳಿದ ಕವಲು ಬರುವುದು 2ನೇ ದಿನ, ಸುಮಾರು 42–48 ಗಂಟೆಯ ಹೊತ್ತಿಗೆ. ತುದಿ ಅಗಲ ಇರುವ ಟಿಪ್‌ನಿಂದ ಉಂಡೆಗಳನ್ನೆಲ್ಲ ಒಂದು ಟ್ಯೂಬಿಗೆ ಹಾಕಿ. ಸೆಂಟ್ರಿಫ್ಯೂಜ್ ಬೇಡ, 10 ನಿಮಿಷ ಬಿಟ್ಟರೆ ತಾವಾಗಿಯೇ ಕೂರುತ್ತವೆ. ಮೇಲಿನ ಮೀಡಿಯಾ ತೆಗೆದು, ಒಮ್ಮೆ ತೊಳೆದು, ಕೋಶ ಅಂಟದ 6 ವೆಲ್ ಪ್ಲೇಟಿಗೆ ವರ್ಗಾಯಿಸಿ.

ಡೆಫಿನಿಟಿವ್ ರಕ್ತ ಬೇಕಾದರೆ ಈಗ ಬಿಎಂಪಿ4, ಎಫ್‌ಜಿಎಫ್2 ಜತೆಗೆ 3 ಮೈಕ್ರೋಮೋಲಾರ್ ಸಿಎಚ್‌ಐಆರ್99021 ಮತ್ತು 6 ಮೈಕ್ರೋಮೋಲಾರ್ ಎಸ್‌ಬಿ-431542 ಹಾಕಿ. ಭ್ರೂಣದ ಕೋಶಗಳಿಗೆ ದಾರಿ ತೋರಿಸುವ ಸಂಕೇತಗಳಲ್ಲಿ ಮೊದಲನೆಯದು ವಿಂಟ್ ಎಂಬುದನ್ನು ಎಬ್ಬಿಸುತ್ತದೆ, ಎರಡನೆಯದು ಆಕ್ಟಿವಿನ್ ಎಂಬುದನ್ನು ಮುಚ್ಚುತ್ತದೆ. ಇದಕ್ಕೆ ಬದಲಾಗಿ ವಿಂಟ್ ತಡೆಯುವ ಐಡಬ್ಲ್ಯುಪಿ2 ಹಾಕಿದರೆ ಹಳದಿ ಚೀಲದ ಬಗೆಯ ರಕ್ತ ಬರುತ್ತದೆ. ಒಂದೇ ದಿನ, ಒಂದೇ ಸಂಕೇತ, ಎರಡು ಬೇರೆ ಬೇರೆ ರಕ್ತ. ನನಗೆ ಈ ಇಡೀ ಕೆಲಸದಲ್ಲಿ ಅತಿ ಸೋಜಿಗ ಅನಿಸುವುದು ಇದೇ.

ಸಿಎಚ್‌ಐಆರ್ ಪ್ರಮಾಣ ಒಂದೊಂದು ಕೋಶದ ಲೈನಿಗೆ (ಒಂದೇ ಮೂಲದಿಂದ ಬೆಳೆಸಿಕೊಂಡು ಬಂದ ಕೋಶಗಳ ಬಳಗಕ್ಕೆ) ಒಂದೊಂದು ಥರ. 3 ಎಂದು ಬರೆದಿದ್ದೇನೆ, ನಿಮ್ಮ ಲೈನಿಗೆ 2 ಅಥವಾ 4 ಸರಿಹೋಗಬಹುದು. ಮೊದಲ ಸಲ 1ರಿಂದ 5ರವರೆಗೆ ಐದೂ ಹಾಕಿ ನೋಡಿ. ಈ ಪರೀಕ್ಷೆ ತಪ್ಪಿಸಿ ಉಳಿಸುವ ಒಂದು ವಾರ ಆಮೇಲೆ ಎರಡು ತಿಂಗಳು ತಿನ್ನುತ್ತದೆ. ಅದೂ ಅಲ್ಲದೆ, ಈ ಔಷಧವನ್ನು ನೀರಿನಂಥ ಮೀಡಿಯಾಗೆ ಒಮ್ಮೆಲೇ ಸುರಿದರೆ ಹರಳುಗಟ್ಟುತ್ತದೆ. ಮೀಡಿಯಾ ಬೆಚ್ಚಗಿರಲಿ, ಹನಿಹನಿಯಾಗಿ ಹಾಕಿ ಅಲ್ಲಾಡಿಸಿ.

3ನೇ ದಿನ ಕೆಲವು ಉಂಡೆ ಬಿಡಿಸಿ, ಕೋಶದ ಮೇಲಿನ ಪ್ರೋಟೀನ್ ಗುರುತುಗಳನ್ನು ಓದುವ ಫ್ಲೋ ಸೈಟೋಮೀಟರ್‌ನಲ್ಲಿ ನೋಡಿ. ಕೆಡಿಆರ್ ಎಂಬ ಗುರುತು ಇದ್ದು ಸಿಡಿ235ಎ ಎಂಬ ಗುರುತು ಇಲ್ಲದ ಗುಂಪು ಕಂಡರೆ ಡೆಫಿನಿಟಿವ್ ದಾರಿ. ಎರಡೂ ಒಟ್ಟಿಗೆ ಇದ್ದರೆ ಪ್ರಿಮಿಟಿವ್.

ದಿನ 3ರಿಂದ 8: ಸುಮ್ಮನಿರುವ ಕಾಲ

3ನೇ ದಿನ ಔಷಧಗಳನ್ನೆಲ್ಲ ತೊಳೆದು ತೆಗೆಯಿರಿ. ಹೊಸ ಮೀಡಿಯಾದಲ್ಲಿ ವಿಇಜಿಎಫ್ 15 ನ್ಯಾನೊಗ್ರಾಂ, ಎಫ್‌ಜಿಎಫ್2 5 ನ್ಯಾನೊಗ್ರಾಂ ಹಾಕಿ. ವಿಇಜಿಎಫ್ ರಕ್ತನಾಳದ ಕೋಶಗಳಿಗೆ ಜೀವಾಳ. 6ನೇ ದಿನ ಇವೆರಡರ ಜತೆ ಇನ್ನಷ್ಟು ಸೈಟೋಕೈನ್‌ಗಳು: ಎಸ್‌ಸಿಎಫ್ 50–100, ಐಎಲ್-6 10, ಐಜಿಎಫ್-1 25, ಐಎಲ್-11 5 ನ್ಯಾನೊಗ್ರಾಂ ಸೇರಿಸಿ. ಉಂಡೆಗಳು ದಪ್ಪಗಾಗುತ್ತವೆ, ಕೆಲವದರಲ್ಲಿ ನೀರುಗುಳ್ಳೆಯಂಥ ಟೊಳ್ಳು ಬರುತ್ತದೆ. ಗಾಬರಿ ಬೇಡ. ದಿನಕ್ಕೆ ನಾಲ್ಕು ಸಲ ತೆಗೆದು ನೋಡುವ ಚಟ ಮಾತ್ರ ಬಿಡಿ, ಪ್ರತಿ ಸಲ ಬಾಗಿಲು ತೆಗೆದಾಗಲೂ ಆಮ್ಲಜನಕದ ಮಟ್ಟ ಏರುತ್ತದೆ.

ದಿನ 8: ಸಿಡಿ34 ಎಂದು ಮೋಸಹೋಗಬೇಡಿ

ಉಂಡೆಗಳನ್ನು ಕಿಣ್ವದಿಂದ ಬಿಡಿಸಿ, 40 ಮೈಕ್ರಾನ್ ಜರಡಿಯಲ್ಲಿ ಸೋಸಿ, ಗುರುತು ಹಿಡಿಯುವ ಬಣ್ಣದ ಆಂಟಿಬಾಡಿ ಹಾಕಿ. ಸತ್ತ ಕೋಶ ತೋರಿಸುವ ಬಣ್ಣ ಕಡ್ಡಾಯ. ಸತ್ತ ಕೋಶ ಯಾವ ಆಂಟಿಬಾಡಿ ಕೊಟ್ಟರೂ ಅಂಟಿಸಿಕೊಳ್ಳುತ್ತದೆ.

ಮೂಳೆಮಜ್ಜೆಯ ಕೆಲಸ ಮಾಡಿದವರಿಗೆ ಸಿಡಿ34 ಎಂಬ ಗುರುತು ಕಂಡರೆ ರಕ್ತದ ಸ್ಟೆಮ್ ಸೆಲ್ ಸಿಕ್ಕಿತು ಎನ್ನುವ ಅಭ್ಯಾಸ. ಇಲ್ಲಿ ಹಾಗಲ್ಲ. ಮಾಮೂಲಿ ರಕ್ತನಾಳದ ಕೋಶದ ಮೇಲೂ ಸಿಡಿ34 ಇರುತ್ತದೆ. ರಕ್ತದ ಕಡೆ ಹೆಜ್ಜೆ ಇಟ್ಟಿದೆ ಎಂಬುದಕ್ಕೆ ಮೊದಲ ಗುರುತು ಸಿಡಿ43, ಸಿಡಿ45 ಬರುವುದು ಅದಾದ ಮೇಲೆ. ಈಗ ನಮಗೆ ಬೇಕಿರುವುದು ಸಿಡಿ34 ಇರುವ, ಸಿಡಿ43 ಇನ್ನೂ ಬಾರದ ಕೋಶ. ಅದರಲ್ಲೂ ಸಿಡಿ73, ಸಿಡಿ184 ಎರಡೂ ಇಲ್ಲದ ಗುಂಪಿನಲ್ಲಿ ಹೀಮೋಜೆನಿಕ್ ಕೋಶ ಹೆಚ್ಚು. ಸೆಲ್ ಸಾರ್ಟರ್ ಇದ್ದರೆ ಅದನ್ನೇ ಬೇರ್ಪಡಿಸಿ. ಇಲ್ಲದಿದ್ದರೆ ಸಿಡಿ34 ಅಯಸ್ಕಾಂತ ಮಣಿಗಳಿಂದ ಹಿಡಿಯಿರಿ, ಶುದ್ಧತೆ ಕಡಿಮೆ ಇದ್ದರೂ ಕೆಲಸ ನಡೆಯುತ್ತದೆ. ಸಿಡಿ34 ಶೇ 10ಕ್ಕಿಂತ ಕಡಿಮೆ ಇದ್ದರೆ ನಾನು ಮುಂದುವರಿಸುವುದಿಲ್ಲ. ಹಿಂದಿನ ವಾರದ ಟಿಪ್ಪಣಿ ತೆಗೆದು ನೋಡುತ್ತೇನೆ.

ಗೋಡೆಯಿಂದ ರಕ್ತ

ಬೇರ್ಪಡಿಸಿದ ಕೋಶಗಳನ್ನು ಅಂಟದ ದುಂಡು ತಳದ ವೆಲ್‌ಗೆ 50,000ದಂತೆ ಹಾಕಿ ಒಂದು ರಾತ್ರಿ ಬಿಡಿ, ಮತ್ತೆ ಗುಂಪು ಸೇರುತ್ತವೆ. ಮರುದಿನ ಆ ಗುಂಪನ್ನು ತೆಳು ಮ್ಯಾಟ್ರಿಜೆಲ್ ಮೇಲೆ ಇಡಿ. ಮೀಡಿಯಾದಲ್ಲಿ ವಿಇಜಿಎಫ್ 5, ಎಫ್‌ಜಿಎಫ್2 5, ಎಸ್‌ಸಿಎಫ್ 100, ಐಎಲ್-3 30, ಟಿಪಿಒ 30, ಐಎಲ್-6 10, ಫ್ಲಿಟ್3 ಲಿಗ್ಯಾಂಡ್ 10 ನ್ಯಾನೊಗ್ರಾಂ, ಇಪಿಒ 2 ಯೂನಿಟ್. ಇನ್ನು ಸಾಮಾನ್ಯ ಆಮ್ಲಜನಕ ಸಾಕು.

ಕೋಶಗಳು ಮೊದಲು ಹಾಸಿಕೊಂಡು ಚಪ್ಪಟೆಯಾಗುತ್ತವೆ. ಒಳಗೆ ರಂಕ್ಸ್1 ಎಂಬ ಜೀನ್ ಚಾಲೂ ಆಗುತ್ತದೆ. ಈ ಹಂತದ 3ನೇ ದಿನದಿಂದ ಅಲ್ಲಲ್ಲಿ ಹೊಳೆಯುವ ದುಂಡು ಕೋಶ, 5ರಿಂದ 7 ದಿನಕ್ಕೆ ಗೊಂಚಲು ಗೊಂಚಲು. ಮೀಡಿಯಾ ಬದಲಿಸುವಾಗ ಪೂರ್ತಿ ಹೀರಬೇಡಿ, ಬೆಳೆ ಇರುವುದೇ ಅದರಲ್ಲಿ. ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಎರಡು ವಾರದ ಬೆಳೆಯನ್ನು ಅಭ್ಯಾಸಬಲದಿಂದ ಕಸದ ಬಾಟಲಿಗೆ ಹೀರಿಬಿಟ್ಟಿದ್ದರು. ಅಂದಿನಿಂದ ಆ ಪ್ಲೇಟುಗಳ ಮೇಲೆ ಕೆಂಪು ಟೇಪ್ ಅಂಟಿಸುತ್ತೇವೆ.

ಯಾವ ಕಣ ಬೇಕು?

ಹೊಸಬರಿಗೆ ಮ್ಯಾಕ್ರೋಫೇಜ್ (ಸೂಕ್ಷ್ಮಜೀವಿಗಳನ್ನು ನುಂಗುವ ಬಿಳಿ ಕಣ) ಒಳ್ಳೆಯದು. ಅದಕ್ಕೆ ಮೇಲಿನ ಇಡೀ ಸರ್ಕಸ್ ಕೂಡ ಬೇಡ. ಬಿಎಂಪಿ4 50, ವಿಇಜಿಎಫ್ 50, ಎಸ್‌ಸಿಎಫ್ 20 ನ್ಯಾನೊಗ್ರಾಂನಲ್ಲಿ 4 ದಿನ ಬೆಳೆದ ಉಂಡೆಗಳನ್ನು ಫ್ಲಾಸ್ಕಿಗೆ ಹಾಕಿ, ಐಎಲ್-3 25, ಎಂ-ಸಿಎಸ್‌ಎಫ್ 100 ನ್ಯಾನೊಗ್ರಾಂ ಕೊಡಿ. 2–3 ವಾರದ ಮೇಲೆ ಮ್ಯಾಕ್ರೋಫೇಜ್‌ನ ಹಿಂದಿನ ಹಂತವಾದ ಮಾನೊಸೈಟ್‌ಗಳು ತೇಲತೊಡಗುತ್ತವೆ. ವಾರಕ್ಕೊಮ್ಮೆ ಕೊಯ್ಲು. ತಿಂಗಳುಗಟ್ಟಲೆ ಕೊಡುತ್ತವೆ. ಕೊಯ್ದದ್ದನ್ನು ಎಂ-ಸಿಎಸ್‌ಎಫ್ ಒಂದರಲ್ಲೇ 7 ದಿನ ಇಟ್ಟರೆ ಮ್ಯಾಕ್ರೋಫೇಜ್. ಸಿಡಿ14, ಸಿಡಿ11ಬಿ ನೋಡಿ. ಹೊಳೆಯುವ ಮಣಿಗಳನ್ನು ನುಂಗುತ್ತವೆಯೇ ಎಂದೂ ನೋಡಿ. ನುಂಗದಿದ್ದರೆ ಗುರುತು ಎಷ್ಟಿದ್ದರೇನು?

ಕೆಂಪು ಕಣಕ್ಕೆ ಎಸ್‌ಸಿಎಫ್, ಇಪಿಒ, ಟ್ರಾನ್ಸ್‌ಫೆರಿನ್. ಬಣ್ಣ ಬರುತ್ತದೆ, ಟ್ಯೂಬಿನ ತಳದಲ್ಲಿ ಕೆಂಪಗೆ ಕೂರುತ್ತದೆ. ಆದರೆ ಎರಡು ಕೊರತೆ. ಹೆಚ್ಚಿನ ಕಣಗಳು ನ್ಯೂಕ್ಲಿಯಸ್ ಹೊರಹಾಕುವುದಿಲ್ಲ. ಒಳಗಿನ ಹೀಮೋಗ್ಲೋಬಿನ್ ಭ್ರೂಣ ಅಥವಾ ಗರ್ಭದ ಶಿಶುವಿನದು, ವಯಸ್ಕರದಲ್ಲ. ವಯಸ್ಕರ ಬೀಟಾ ಗ್ಲೋಬಿನ್‌ನ ಕಾಯಿಲೆ ಅಧ್ಯಯನ ಮಾಡುವವರು ಇದನ್ನು ಮೊದಲೇ ಯೋಚಿಸಬೇಕು. ಇನ್ನು ರಕ್ತ ಕೊಡುವಷ್ಟು ಬೆಳೆಸುವುದು? ಒಂದು ಯೂನಿಟ್ ರಕ್ತದಲ್ಲಿ ಸುಮಾರು 2 ಲಕ್ಷ ಕೋಟಿ ಕೆಂಪು ಕಣ. ಮಿಲಿಲೀಟರಿಗೆ 20 ಲಕ್ಷದಂತೆ ಬೆಳೆಸಿದರೆ 1,000 ಲೀಟರ್ ಮೀಡಿಯಾ ಬೇಕು. 2022ರಲ್ಲಿ ಬ್ರಿಟನ್ನಿನಲ್ಲಿ ಪ್ರಯೋಗಾಲಯದ ಕೆಂಪು ಕಣವನ್ನು ಮನುಷ್ಯರಿಗೆ ಕೊಟ್ಟ ಸುದ್ದಿ ಓದಿರಬಹುದು. ಅದು ಒಂದೆರಡು ಚಮಚದಷ್ಟು, ಅದೂ ದಾನಿಗಳ ರಕ್ತದ ಸ್ಟೆಮ್ ಸೆಲ್‌ನಿಂದ ಬೆಳೆಸಿದ್ದು, ಐಪಿಎಸ್‌ನಿಂದಲ್ಲ.

ಪ್ಲೇಟ್‌ಲೆಟ್ ಕಥೆ ಸ್ವಲ್ಪ ಮುಂದಿದೆ. ಜಪಾನಿನಲ್ಲಿ ಕೋಜಿ ಎಟೊ ಅವರ ತಂಡ ಐಪಿಎಸ್‌ನಿಂದ ಮೆಗಾಕ್ಯಾರಿಯೊಸೈಟ್ ಬೆಳೆಸಿತು. ದ್ರವದಲ್ಲಿ ಸುಳಿ ಎಬ್ಬಿಸಿದರೆ ಅವು ಹೆಚ್ಚು ಪ್ಲೇಟ್‌ಲೆಟ್ ಉದುರಿಸುತ್ತವೆ ಎಂದು 2018ರಲ್ಲಿ ತೋರಿಸಿತು. ರೋಗಿಯೊಬ್ಬರ ಸ್ವಂತ ಕೋಶದಿಂದ ಬೆಳೆಸಿದ್ದನ್ನು ಅವರಿಗೇ ಕೊಟ್ಟದ್ದೂ ಆಗಿದೆ.

ಮೂಳೆಮಜ್ಜೆಯಲ್ಲಿ ನೆಲೆನಿಂತು ಎಲ್ಲ ಬಗೆಯ ರಕ್ತ ಕೊಡುವ ಸ್ಟೆಮ್ ಸೆಲ್ ಮಾತ್ರ ಬಹಳ ವರ್ಷ ಯಾರ ಕೈಗೂ ಸಿಕ್ಕಿರಲಿಲ್ಲ. 2024ರಲ್ಲಿ ಮೆಲ್ಬರ್ನ್‌ನ ಮರ್ಡೋಕ್ ಮಕ್ಕಳ ಸಂಶೋಧನಾ ಸಂಸ್ಥೆಯ ತಂಡ ಐಪಿಎಸ್‌ನಿಂದ ಬೆಳೆಸಿದ ಕೋಶಗಳು ಇಲಿಯಲ್ಲಿ ದೀರ್ಘಕಾಲ ನೆಲೆನಿಂತದ್ದನ್ನು ವರದಿ ಮಾಡಿತು. ಸರಿಯಾದ ಹಂತದಲ್ಲಿ ವಿಟಮಿನ್ ಎ ಬಗೆಯ ಸಂಕೇತ ಕೊಟ್ಟದ್ದು ಅವರ ವಿಧಾನದ ಒಂದು ಮುಖ್ಯ ಭಾಗ. ಮೇಲೆ ಬರೆದ ನನ್ನ ವಿಧಾನದಿಂದ ಅಂಥ ಕೋಶ ಸಿಗುತ್ತದೆ ಎಂದುಕೊಳ್ಳಬೇಡಿ.

ಕಾಲೊನಿ ಪರೀಕ್ಷೆ

ಫ್ಲೋ ಯಂತ್ರ ಹೇಳುವುದು ಕೋಶದ ಮೇಲಿನ ಗುರುತನ್ನು, ಮೀಥೈಲ್‌ಸೆಲ್ಯುಲೋಸ್ ಎಂಬ ಮಂದ ಮೀಡಿಯಾದಲ್ಲಿ ಕಾಲೊನಿ ಬೆಳೆಸುವ ಪರೀಕ್ಷೆ ಹೇಳುವುದು ಅದರ ಕೈಲಾಗುವುದನ್ನು. 35 ಮಿಲಿಮೀಟರ್ ತಟ್ಟೆಗೆ 1.1 ಮಿಲಿಲೀಟರ್, ಅದರಲ್ಲಿ 5,000ದಿಂದ 20,000 ಕೋಶ. ಅಂಟಂಟು ದ್ರವ ಇದು, ಪಿಪೆಟ್ ಸುಳ್ಳು ಹೇಳುತ್ತದೆ. ಮೊಂಡು ಸೂಜಿಯ ಸಿರಿಂಜ್ ಬಳಸಿ. ಪಕ್ಕದಲ್ಲಿ ನೀರಿನ ತಟ್ಟೆ ಇಟ್ಟು 14 ದಿನ ಮುಟ್ಟದೆ ಬಿಡಿ. ಕೆಂಪು ಗೊಂಚಲಾದರೆ ಕೆಂಪು ಕಣದ ಕಾಲೊನಿ (ಬಿಎಫ್‌ಯು-ಇ), ಬಣ್ಣವಿಲ್ಲದೆ ಹರಡಿದ್ದರೆ ಬಿಳಿ ಕಣದ್ದು (ಸಿಎಫ್‌ಯು-ಜಿಎಂ), ಎರಡೂ ಬೆರೆತ ದೊಡ್ಡದಾದರೆ ಸಿಎಫ್‌ಯು-ಜೆಮ್. ಎಣಿಸುವವರಿಗೆ ಯಾವ ತಟ್ಟೆ ಯಾವುದು ಎಂದು ಹೇಳಬೇಡಿ.

ಕೆಟ್ಟಾಗ ಎಲ್ಲಿ ಹುಡುಕುವುದು

ಉಂಡೆ ಪುಡಿಪುಡಿ ಆದರೆ ರಾಕ್ ತಡೆಯುವ ಔಷಧ ಹಳೆಯದು ಅಥವಾ ಅಕ್ಯುಟೇಸ್ ಜಾಸ್ತಿ ಹೊತ್ತಾಯಿತು. 3ನೇ ದಿನ ಕೆಡಿಆರ್ ಇಲ್ಲದಿದ್ದರೆ ಬಿಎಂಪಿ4 ಅನ್ನು ಎಷ್ಟು ಸಲ ಕರಗಿಸಿ ಮತ್ತೆ ಫ್ರೀಜ್ ಮಾಡಿದ್ದೀರಿ, ನೆನಪಿಸಿಕೊಳ್ಳಿ. ಒಂದೊಂದು ಸಲಕ್ಕೆ ಆಗುವಷ್ಟೇ ಪಾಲು ಮಾಡಿ, ಶೇ 0.1 ಆಲ್ಬುಮಿನ್ ಬೆರೆಸಿ, −80 ಡಿಗ್ರಿಯಲ್ಲಿಡಬೇಕು. ಸಿಡಿ34 ಚೆನ್ನಾಗಿದ್ದು ಸಿಡಿ43 ಬಾರದಿದ್ದರೆ ಮಾಮೂಲಿ ರಕ್ತನಾಳ ಬೆಳೆದಿದೆ. 2ನೇ ದಿನದ ಸಿಎಚ್‌ಐಆರ್ ಪ್ರಮಾಣ ಮತ್ತೆ ನೋಡಿ. ಎಲ್ಲ ಸರಿಯಿದ್ದೂ ಇದ್ದಕ್ಕಿದ್ದಂತೆ ಕೆಟ್ಟರೆ ಆಲ್ಬುಮಿನ್‌ನ ಲಾಟ್ ನಂಬರ್ ನೋಡಿ. ನಾನು ಹೊಸ ಲಾಟ್ ಬರುವ ಮುಂಚೆಯೇ ಹಳೆಯದರ ಜತೆ ಇಟ್ಟು ಹೋಲಿಸುತ್ತೇನೆ. ಸರಿಹೋದದ್ದನ್ನು ಒಂದು ವರ್ಷಕ್ಕಾಗುವಷ್ಟು ತೆಗೆದಿಡುತ್ತೇನೆ.

ಪ್ರತಿ ಪ್ರಯೋಗದಲ್ಲೂ ಎರಡು ಹೋಲಿಕೆ ಪ್ಲೇಟ್ ಇರಲಿ. ಈಗಾಗಲೇ ಚೆನ್ನಾಗಿ ರಕ್ತ ಕೊಡುತ್ತದೆ ಎಂದು ಗೊತ್ತಿರುವ ಲೈನ್ ಒಂದು, ಬಿಎಂಪಿ4 ಹಾಕದ ಪ್ಲೇಟ್ ಒಂದು. ರೋಗಿಯ ಲೈನ್ ಕಡಿಮೆ ರಕ್ತ ಕೊಟ್ಟರೆ ಅದನ್ನು ಕಾಯಿಲೆಯ ಲಕ್ಷಣ ಎಂದು ಬರೆಯುವ ಮುಂಚೆ, ಅದೇ ರೋಗಿಯ ಇನ್ನೆರಡು ಬೇರೆ ಕ್ಲೋನ್‌ಗಳಲ್ಲೂ (ಬೇರೆ ಬೇರೆ ಒಂಟಿ ಕೋಶದಿಂದ ಬೆಳೆಸಿದ ಐಪಿಎಸ್ ಬಳಗಗಳಲ್ಲೂ) ಮಾಡಿ ನೋಡಿ. ಒಂದು ಕ್ಲೋನ್ ಸೋಮಾರಿ ಆಗಿರುವುದು ಮಾಮೂಲು.

ಉಳಿದ ಕೋಶ ಬಿಸಾಡಬೇಡಿ. 8ನೇ ದಿನದ ಸಿಡಿ34 ಕೋಶಗಳನ್ನು ಶೇ 10 ಡಿಎಂಎಸ್‌ಒದಲ್ಲಿ (ಫ್ರೀಜ್ ಆಗುವಾಗ ಕೋಶವನ್ನು ಕಾಪಾಡುವ ದ್ರವ) ವೈಯಲ್‌ಗೆ 5 ಲಕ್ಷದಂತೆ ಫ್ರೀಜ್ ಮಾಡಿ. ಕರಗಿಸಿದಾಗ ಒಂದಷ್ಟು ಸಾಯುತ್ತವೆ, ಆದರೂ ಎಂಟು ದಿನದ ಕೆಲಸ ಉಳಿಯುತ್ತದೆ. ವೈಯಲ್ ಮೇಲೆ ಲೈನ್, ಪಾಸೇಜ್, ತಾರೀಕು, ಸಿಎಚ್‌ಐಆರ್ ಪ್ರಮಾಣ ನಾಲ್ಕೂ ಬರೆಯಿರಿ. ಪೆನ್ನು ಆಲ್ಕೋಹಾಲಿಗೆ ಅಳಿಸದಂಥದ್ದಿರಲಿ.